ಏಳು ತೋಟಗಳ ಜಲ್ಲಿ ದಾರಿ

ನಮ್ಮಣ್ಣನಿಗೆ ಡಾಂಬರು ರಸ್ತೆ ಕಂಡರೆ ಆಗುತ್ತಿರಲಿಲ್ಲ. ಅದು ಬಾಯಿಲ್ಲದ ರಸ್ತೆ, ಅದರ ಮೇಲೆ ಸೈಕಲ್ ಹೊಡೆಯುವುದೂ ಒಂದೇ, ಮುನಿಸಿಕೊಂಡ ಹೆಂಡತಿಯ ಜೊತೆ ಸಂಸಾರ ಮಾಡುವುದೂ ಒಂದೇ ಎನ್ನುತ್ತಿದ್ದ. ಅವನಿಗೆ ಹೆಂಡತಿಯೇ ಇರಲಿಲ್ಲ, ಮುನಿಸಿಕೊಂಡವಳೂ ಇಲ್ಲ, ಮುನಿಸಿಕೊಳ್ಳದವಳೂ ಇಲ್ಲ. ಮನೆಯಲ್ಲಿದ್ದದ್ದು ನಾನು, ಅವನಿಗಿಂತ ಆರು ವರ್ಷ ಚಿಕ್ಕವಳು. ನನ್ನ ಮದುವೆ ಆಗಿ, ಮುಗಿದು, ಒಂದು ಪೆಟ್ಟಿಗೆ ಹಿಡಿದು ವಾಪಸು ಬಂದವಳು. ಆದ್ದರಿಂದ ಸಂಸಾರದ ಬಗ್ಗೆ ಏನೂ ಗೊತ್ತಿಲ್ಲದ ಅವನ ಮಾತುಗಳನ್ನು ಕೇಳಿಸಿಕೊಳ್ಳುವ ಕರ್ಮ ನನ್ನದಾಗಿತ್ತು.

ನಮ್ಮ ಊರಿನ ಹಿಂದೆ ಗುಡ್ಡಗಳು. ಗುಡ್ಡದ ಮೈತುಂಬ ದ್ರಾಕ್ಷಿ ತೋಟಗಳು. ಎಲ್ಲ ವೈನಿಗೆ ಬೆಳೆದ ದ್ರಾಕ್ಷಿ, ತಿನ್ನಲು ಕೂತರೆ ಬೀಜವೇ ಹೆಚ್ಚು. ಆ ತೋಟಗಳ ನಡುವೆ ಹತ್ತೊಂಬತ್ತು ಕಿಲೋಮೀಟರ್ ಜಲ್ಲಿ ದಾರಿ ಏರುತ್ತದೆ, ಇಳಿಯುತ್ತದೆ, ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತದೆ. ಊರಿನ ಕೊನೆಯ ಮನೆ ದಾಟಿದರೆ ಎರಡು ಕಲ್ಲುಕಂಬಗಳ ನಡುವೆ ಒಂದು ಸರಪಳಿ. ಕಾರು, ಲಾರಿ, ಮೋಟರ್ ಬೈಕು, ಯಾವುದೂ ಅದನ್ನು ದಾಟುವಂತಿಲ್ಲ. ಗಾಡಿ ಓಡಿದರೆ ಧೂಳೇಳುತ್ತದೆ, ಧೂಳು ಹಣ್ಣಿನ ಮೇಲೆ ಕೂರುತ್ತದೆ, ಆ ಹಣ್ಣಿನ ವೈನು ಬಾಯಿಗೆ ಮಣ್ಣು ಮಣ್ಣಾಗುತ್ತದೆ ಎಂದು ತೋಟದವರ ಅಜ್ಜಂದಿರು ಮಾಡಿಟ್ಟ ಕಟ್ಟಳೆ ಅದು. ಕೊಯ್ಲಿನ ತಿಂಗಳಲ್ಲಿ ಮಾತ್ರ ಟ್ರ್ಯಾಕ್ಟರು ಬರುತ್ತದೆ. ಉಳಿದ ಹನ್ನೊಂದು ತಿಂಗಳು ಆ ದಾರಿ ಸೈಕಲ್ಲಿನವರದು, ನಡೆಯುವವರದು, ಮೊಲಗಳದು.

ಇನ್ನೊಂದು ಕಟ್ಟಳೆಯೂ ಇತ್ತು. ತಂತಮ್ಮ ತೋಟದ ಮುಂದಿನ ದಾರಿಯನ್ನು ಅವರವರೇ ರಿಪೇರಿ ಮಾಡಿಕೊಳ್ಳಬೇಕು, ಅದೂ ತಮ್ಮ ನೆಲದಲ್ಲೇ ಸಿಕ್ಕ ಕಲ್ಲಿನಿಂದ. ಹೊರಗಿನ ಕಲ್ಲು ತಂದು ಸುರಿಯುವುದು ಮರ್ಯಾದೆಗೆ ಕಡಿಮೆ. ಏಳು ತೋಟ, ಏಳು ಬಗೆಯ ಜಲ್ಲಿ. ಮೊದಲನೆಯ ತೋಟದ ಕೆಳಗೆ ಹಳ್ಳ, ಹಾಗಾಗಿ ಅಲ್ಲಿ ನುಣುಪು ಗುಂಡುಕಲ್ಲು. ಟೈರಿನಡಿ ಗುಡುಗುಡು ಎನ್ನುತ್ತಿತ್ತು. ಎರಡನೆಯದು ಕರಿಕಲ್ಲಿನ ಚೂರು, ಚರಚರ. ಮೂರನೆಯವರು ತಮ್ಮ ಹಳೆಯ ಇಟ್ಟಿಗೆ ಗೂಡನ್ನು ಕೆಡವಿ ಅದರ ಪುಡಿಯನ್ನೇ ಹಾಸಿದ್ದರು. ಅಲ್ಲಿ ಸೈಕಲ್ಲು ಪಿಸುಗುಟ್ಟುತ್ತಿತ್ತು. ನಾಲ್ಕನೆಯದು ಪದರ ಪದರವಾಗಿ ಏಳುವ ತೆಳು ಕಲ್ಲು, ಪಿಂಗಾಣಿ ತಟ್ಟೆ ಒಡೆದಂತೆ ಟಣಟಣ. ಐದರಲ್ಲಿ ಸುಣ್ಣಕಲ್ಲು, ಹಿಟ್ಟಿನ ಮೇಲೆ ಹೋದ ಹಾಗೆ, ಸದ್ದೇ ಇಲ್ಲ. ಆರಕ್ಕೂ ಏಳಕ್ಕೂ ಏನು ವ್ಯತ್ಯಾಸ ಎನ್ನುವುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಅಣ್ಣನಿಗೆ ತಿಳಿಯುತ್ತಿತ್ತು, ಅವಳಿ ಮಕ್ಕಳಲ್ಲಿ ಯಾವುದು ಯಾವುದೆಂದು ತಾಯಿಗೆ ತಿಳಿಯುವ ಹಾಗೆ.

ಈ ಕಲ್ಲುಗಳಿಂದಲೇ ಊರಿನವರು ಅವನನ್ನು ಜಲ್ಲಿ ಎಂದು ಕರೆದರು. ಚಿಕ್ಕವರಿಗೆ ಜಲ್ಲಿಯಣ್ಣ. ಹದಿನೈದರಿಂದ ಮೂವತ್ತರವರೆಗೆ ಅವನು ಮೂರನೆಯ ತೋಟದಲ್ಲಿ ಬಳ್ಳಿ ಸವರುತ್ತಿದ್ದ. ಆ ತೋಟದ ಮಗನೂ ಇವನ ಜೊತೆಗೇ ಕತ್ತರಿ ಹಿಡಿದು ಬೆಳೆದವನು, ಒಂದೇ ಬುತ್ತಿಯಲ್ಲಿ ಕೈ ಹಾಕಿ ತಿಂದವನು. ಆಮೇಲೆ ಅವನು ತೋಟಗಾರರ ಸಂಘದ ಅಧ್ಯಕ್ಷನಾದ, ಇವನು 'ಅಧ್ಯಕ್ಷರೇ' ಎನ್ನತೊಡಗಿದ. ಎದುರಿಗೆ ಮಾತ್ರ. ಮನೆಗೆ ಬಂದರೆ ಹಳೆಯ ಏಕವಚನವೇ.

ಪ್ರವಾಸಿಗಳನ್ನು ಜಲ್ಲಿ ದಾರಿಯಲ್ಲಿ ಸೈಕಲ್ ಮೇಲೆ ಕರೆದುಕೊಂಡು ಹೋಗುವ ಯೋಚನೆ ಆ ಅಧ್ಯಕ್ಷರದೇ. ದಪ್ಪ ಟೈರಿನ ಹನ್ನೆರಡು ಸೈಕಲ್ ತರಿಸಿದರು. ಅಣ್ಣ ಅವುಗಳಿಗೆ ಮೇಸ್ತ್ರಿಯೂ ಹೌದು, ಬಂದವರಿಗೆ ದಾರಿ ತೋರಿಸುವವನೂ ಹೌದು. ನಾನು ಸಂಘದ ಕಚೇರಿಯಲ್ಲಿ ಫೋನು ಎತ್ತುತ್ತಿದ್ದೆ, ಸಭೆಯ ನಡಾವಳಿ ಬರೆಯುತ್ತಿದ್ದೆ, ಸವಾರಿ ಇದ್ದ ದಿನ ಎಲ್ಲರಿಗಿಂತ ಹಿಂದೆ ಹೊರಟು ಏದುಸಿರು ಬಿಡುವವರನ್ನು ಸಮಾಧಾನ ಮಾಡುತ್ತಿದ್ದೆ. ಮುಂದೆ ಅಣ್ಣ. ಏರಿನಲ್ಲಿ ಅವನ ಬೆನ್ನು ಅಲ್ಲಾಡುತ್ತಿರಲಿಲ್ಲ. ಐವತ್ತು ದಾಟಿದವನ ಕಾಲುಗಳೇ ಇವು ಎಂದು ಪಟ್ಟಣದ ಗಂಡಸರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. 'ಕಣ್ಣಿಗೆ ಸ್ವಲ್ಪ ಬಿಡುವು ಕೊಡಿ, ಕಿವಿ ಕೊಟ್ಟು ಓಡ್ಸಿ' ಎಂದು ಅವನು ಹೇಳಿದರೆ ಅವರಿಗೆ ಅದು ಕವಿತೆಯ ಹಾಗೆ ಕೇಳುತ್ತಿತ್ತು.

ಕವಿತೆಯೂ ಅಲ್ಲ, ಮಣ್ಣೂ ಅಲ್ಲ. ಅವನಿಗೆ ಕಣ್ಣು ಹೋಗುತ್ತಿತ್ತು.

ನನಗೆ ಅದು ಗೊತ್ತಾಗುವುದಕ್ಕೆ ಒಂದು ವರ್ಷದ ಜಗಳ ಬೇಕಾಯಿತು. ಅಡಿಗೆಮನೆಯ ಕಪಾಟಿನ ಬಾಗಿಲು ತೆರೆದಿದ್ದರೆ ಅವನ ಹಣೆ ಅದಕ್ಕೇ ಹೋಗಿ ಬಡಿಯುತ್ತಿತ್ತು. ಬಾಗಿಲು ತೆರೆದಿಟ್ಟವಳು ನಾನು, ಆದ್ದರಿಂದ ತಪ್ಪು ನನ್ನದು. ಹಜಾರದಲ್ಲಿ ಸ್ಟೂಲು ಇಟ್ಟರೆ ತಪ್ಪು, ಬಕೆಟ್ಟು ಇಟ್ಟರೆ ತಪ್ಪು. ವಯಸ್ಸಾದ ಬ್ರಹ್ಮಚಾರಿಗಳಿಗೆ ಕೋಪ ಮೂಗಿನ ತುದಿಗೇ ಬಂದು ಕೂರುತ್ತದೆ ಎಂದುಕೊಂಡು ನಾನೂ ಸುಮ್ಮನಿರದೆ ಬೈಯುತ್ತಿದ್ದೆ. ಒಂದು ಮಧ್ಯಾಹ್ನ ಸೈಕಲ್ ಶೆಡ್ಡಿಗೆ ಊಟ ತೆಗೆದುಕೊಂಡು ಹೋದೆ. ಅವನ ಕೈಯಿಂದ ಸ್ಪ್ಯಾನರ್ ಜಾರಿ ಕಾಲ ಪಕ್ಕದಲ್ಲೇ ಬಿದ್ದಿತ್ತು. ಅವನು ಬಗ್ಗಿ ನೋಡಲಿಲ್ಲ. ಚಪ್ಪಲಿ ಕಳಚಿ, ಕಾಲ್ಬೆರಳಿನಿಂದ ನೆಲವನ್ನೆಲ್ಲ ಮೆಲ್ಲಗೆ ಸವರುತ್ತಾ ಅದನ್ನು ಹುಡುಕಿದ. ಎಷ್ಟೋ ದಿನದಿಂದ ಹಾಗೆ ಹುಡುಕಿ ಅಭ್ಯಾಸವಾದವನ ಹಾಗೆ ಹುಡುಕಿದ.  ಒಂದು ವರ್ಷ ಬೈದ ಬೈಗುಳವೆಲ್ಲ ನನ್ನ ಬಾಯಿಗೇ ವಾಪಸು ಬಂದ ಹಾಗಾಯಿತು.

ಪಟ್ಟಣದ ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲಿ ಒಂದು ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಹೊರಗೆ ಬಂದವನು ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ಬೀಗುತ್ತಿದ್ದ. 'ಒಂದೂ ಬಿಡ್ಲಿಲ್ಲ ಕಣೇ, ಎಲ್ಲಾದಕ್ಕೂ ಒತ್ತಿದೆ' ಎಂದ. ಡಾಕ್ಟರಮ್ಮ ಒಂದು ಕಾಗದ ತೋರಿಸಿದರು. ಕಾಗದವೆಲ್ಲ ಕಪ್ಪು, ನಟ್ಟ ನಡುವೆ ಒಂದು ಬಿಳಿ ಬೊಟ್ಟು. ಆ ಬೊಟ್ಟಿನೊಳಗೆ ಬಂದ ಚುಕ್ಕಿಗಳಿಗಷ್ಟೇ ಅವನು ಒತ್ತಿದ್ದ. ಉಳಿದ ಚುಕ್ಕಿಗಳು ಬಂದದ್ದೇ ಅವನಿಗೆ ಗೊತ್ತಿರಲಿಲ್ಲ.

'ಕೊಳವೇಲಿ ನೋಡಿದ ಹಾಗೆ ನೋಡ್ತಿದ್ದಾರೆ ಇವರು' ಎಂದರು ಡಾಕ್ಟರಮ್ಮ. 'ಕೊಳವೆ ಸಣ್ಣ ಆಗ್ತಾ ಹೋಗುತ್ತೆ. ಇದಕ್ಕೆ ಔಷಧಿ ಇದೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.'

ವಾಪಸು ಬರುವಾಗ ಬಸ್ಸಿನಲ್ಲಿ ಅವನು ನನ್ನ ಕೈ ಹಿಡಿದುಕೊಂಡ. ದೊಡ್ಡವನಾದ ಮೇಲೆ ಅವನು ನನ್ನ ಕೈ ಹಿಡಿದದ್ದು ಅದೇ ಮೊದಲು.

'ಯಾರಿಗೂ ಹೇಳ್ಬಾರ್ದು. ಅಮ್ಮನ ಮೇಲೆ ಆಣೆ ಇಡು.'

'ಹೇಳ್ದೆ ಇದ್ರೆ ಹೇಗಣ್ಣಾ? ಜನಾನ ಕರ್ಕೊಂಡು ಹೋಗೋ ಕೆಲಸ.'

'ಸರಪಳಿಯಿಂದ ಆಚೆ ನನ್ನ ಕೆಲಸಕ್ಕೆ ಕಣ್ಣು ಬೇಕಾಗಿಲ್ಲ. ಈಚೆ ನಾನು ಯಾವ ಕೆಲಸಕ್ಕೂ ಬರಲ್ಲ. ಅದೊಂದನ್ನ ಕಿತ್ಕೋಬೇಡ ಪುಟ್ಟಿ.'

ಆಣೆ ಇಟ್ಟೆ. ನನ್ನಂಥ ಬಾಯಿಬಡುಕಿ ಹೇಗೆ ಇಟ್ಟೆನೋ.

ಅವನು ಹೇಳಿದ್ದು ನಿಜವಾಗಿತ್ತು. ಊರೊಳಗಿನ ರಸ್ತೆಯಲ್ಲಿ ಎಡಬಲದಿಂದ ನುಗ್ಗುವ ಗಾಡಿಗಳು ಅವನ ಪಾಲಿಗೆ ಇಲ್ಲವೇ ಇಲ್ಲ, ಮೈಮೇಲೆ ಬಂದ ಮೇಲಷ್ಟೇ ಉಂಟು. ಹಾಗಾಗಿ ಮನೆಯಿಂದ ಸರಪಳಿಯವರೆಗೆ ಸೈಕಲ್ ಹತ್ತುತ್ತಿರಲಿಲ್ಲ, ತಳ್ಳಿಕೊಂಡು ಹೋಗುತ್ತಿದ್ದ. ಮುಂದಿನ ಚಕ್ರ ಚರಂಡಿಗೋ ಮೆಟ್ಟಿಲಿಗೋ ತಾಗಿದರೆ ನಿಲ್ಲುತ್ತಿದ್ದ. ಜಲ್ಲಿ ಟೈರನ್ನು ಡಾಂಬರಿಗೆ ತಾಗಿಸಿ ಸವೆಸಬಾರದೆಂದು ಎಷ್ಟು ಜೋಪಾನ ಮಾಡುತ್ತಾನೆ ನೋಡಿ ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು. ಸರಪಳಿ ದಾಟಿ ಪೆಡಲ್ ಮೇಲೆ ಕಾಲಿಟ್ಟರೆ ಅವನು ಬೇರೆಯೇ ಮನುಷ್ಯ. ಇಟ್ಟಿಗೆಪುಡಿಯ ಪಿಸುಮಾತು ಮುಗಿದ ತಕ್ಷಣ ಎಡಕ್ಕೆ ತಿರುವು, ಬಲಕ್ಕೆ ಕಾಲುವೆ. ಟಣಟಣ ನಿಂತು ಸುಣ್ಣಕಲ್ಲು ಶುರುವಾಯಿತೆಂದರೆ ಬ್ರೇಕು, ಕೆಳಗೆ ಕಡಿದಾದ ಇಳಿಜಾರು. ದಾರಿಯೇ ಅವನ ಕಿವಿಗೆ ಬಾಯಿಟ್ಟು ಹೇಳುತ್ತಿತ್ತು. ನಾಲ್ಕು ವರ್ಷ ಹೀಗೆ ನಡೆಯಿತು, ಒಬ್ಬರ ಉಗುರಿಗೂ ನೋವಾಗದೆ. ನಾನು ಹಿಂದಿನಿಂದ ಅವನ ಬೆನ್ನಿನ ಮೇಲೇ ಕಣ್ಣು ನೆಟ್ಟು ಓಡಿಸುತ್ತಿದ್ದೆ. ಗುಡ್ಡ ಎಷ್ಟು ಚೆನ್ನಾಗಿದೆ ಎಂದು ಬಂದವರು ಹೇಳುತ್ತಿದ್ದರು. ನಾನು ಗುಡ್ಡ ನೋಡಿದ್ದೇ ಇಲ್ಲ.

ಐದನೆಯ ವರ್ಷ ಒಬ್ಬ ದಪ್ಪ ಮನುಷ್ಯ ನಾಲ್ಕನೆಯ ತೋಟದ ತೆಳು ಕಲ್ಲಿನ ಮೇಲೆ ಎರಡು ಸಲ ಪಂಚರ್ ಆಗಿ ಒಂದು ಸಲ ಬಿದ್ದ. ಮೊಣಕೈ ತರಚಿತು, ಅಷ್ಟೇ. ಆದರೆ ತನ್ನ ಊರಿಗೆ ಹೋಗಿ ಸಂಘಕ್ಕೆ ಉದ್ದಕ್ಕೆ ಬರೆದು ಕಳಿಸಿದ. ಒಂದು ತೋಟಕ್ಕೊಂದು ರಸ್ತೆಯಂತೆ, ಇದು ದಾರಿಯೋ ಕಲ್ಲಿನ ಅಂಗಡಿಯೋ ಎಂದು ಕೇಳಿದ್ದ. ಸಂಘದಲ್ಲಿ ಸಭೆ ಕರೆದರು. ಕ್ರಷರಿನಿಂದ ಒಂದೇ ಅಳತೆಯ ಜಲ್ಲಿ ತರಿಸಿ, ಹತ್ತೊಂಬತ್ತು ಕಿಲೋಮೀಟರಿಗೂ ಹಾಸಿ, ರೋಲರ್ ಹೊಡೆಸಿಬಿಡುವುದು ಎಂದು ಮಾತಾಯಿತು. ಹಳಬರು ಇಬ್ಬರು ಗೊಣಗಿದರು. ಅಧ್ಯಕ್ಷರು ಅಣ್ಣನ ಕಡೆ ತಿರುಗಿದರು.

'ಇದ್ರಲ್ಲಿ ನಮ್ಮ ಮಾತಿಗಿಂತ ಜಲ್ಲಿ ಮಾತು ಮುಖ್ಯ. ಆ ದಾರೀಲಿ ಕಣ್ಮುಚ್ಕೊಂಡು ಹೋಗೋನು ಇವನು. ಏನಪ್ಪಾ, ಮಾಡ್ಸೋಣ್ವಾ, ಬೇಡ್ವಾ?'

ಎಲ್ಲರೂ ನಕ್ಕರು. ನಾನು ಮೂಲೆಯ ಮೇಜಿನಲ್ಲಿ ನಡಾವಳಿ ಪುಸ್ತಕ ತೆರೆದು ಕೂತಿದ್ದೆ. ಬೇಡ ಎಂದು ಒಂದು ಮಾತು ಹೇಳಿದರೆ ಸಾಕಿತ್ತು, ಅವನ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಆದರೆ ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಹೇಳಲು ಬೇರೆ ಕಾರಣ ಅವನ ಹತ್ತಿರ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ ಅದು. ಅವನು ಬೆನ್ನು ನೇರ ಮಾಡಿ, 'ಒಳ್ಳೇದೇ ಅಲ್ವಾ. ಮಾಡ್ಸಿ' ಎಂದ.

ನಾನಾದರೂ ಬಾಯಿ ಬಿಡಬಹುದಿತ್ತು. ಆಣೆ ಎಂದು ಸುಮ್ಮನಾದೆ. 'ಎಲ್ಲರೂ ಒಪ್ಪಿದರು' ಎಂದು ನನ್ನ ಕೈಯಾರೆ ಬರೆದೆ. ಆ ಪುಸ್ತಕ ಇವತ್ತಿಗೂ ಕಚೇರಿಯ ಕಪಾಟಿನಲ್ಲಿದೆ. ಅದರಲ್ಲಿರುವ ಆ ಒಂದು ಸಾಲಿನಷ್ಟು ಕೆಟ್ಟದ್ದನ್ನು ನಾನು ಜೀವನದಲ್ಲಿ ಬರೆದಿಲ್ಲ.

ಕೊಯ್ಲು ಮುಗಿದ ಮೇಲೆ ರೋಲರ್ ಬಂತು. ಹದಿನೆಂಟು ದಿನದಲ್ಲಿ ಏಳು ತೋಟದ ಕಲ್ಲುಗಳು ಒಂದೇ ಬೂದು ಜಲ್ಲಿಯಡಿ ಹೂತು ಹೋದವು. ಅಣ್ಣ ಒಬ್ಬನೇ ಹೋಗಿ ಬರುತ್ತೇನೆಂದು ಹೊರಟ. ಯಾವಾಗಲೂ ಒಂದೂಕಾಲು ಗಂಟೆಯಲ್ಲಿ ಸುತ್ತಿ ಬರುತ್ತಿದ್ದವನು ಮೂರು ಗಂಟೆ ಬಿಟ್ಟು, ಸೈಕಲ್ ತಳ್ಳಿಕೊಂಡು ಬಂದ. ಮೊಣಕಾಲಿಗೆ ಮುಳ್ಳುತಂತಿ ಗೀರಿತ್ತು. ನಾನು ಬಿಸಿನೀರು ಕಾಯಿಸುತ್ತಿದ್ದರೆ ಹೊಸ್ತಿಲ ಮೇಲೆ ಕೂತು, 'ಚಿರಿಚಿರಿ ಚಿರಿಚಿರಿ ಅಂತ ಎಲ್ಲಾ ಕಡೆ ಅದೇ ಕಣೇ. ಒಂದೇ ಮಾತನ್ನ ಸಾವಿರ ಸಲ ಹೇಳ್ತಾ ಇದೆ' ಎಂದ. 

ಆದರೆ ಸುಮ್ಮನೆ ಕೂರುವ ಜಾತಿಯವನಲ್ಲ. ಮರುದಿನದಿಂದ ಹಳ್ಳದ ಗುಂಡುಕಲ್ಲನ್ನು ಚೀಲದಲ್ಲಿ ಹೊತ್ತು, ಪ್ರತಿ ತಿರುವಿಗೂ ಹತ್ತು ಮಾರು ಮೊದಲು ದಾರಿಗೆ ಅಡ್ಡಲಾಗಿ ಒಂದು ಪಟ್ಟಿಯ ಹಾಗೆ ಸುರಿದು ಬಂದ. ಇಪ್ಪತ್ತಮೂರು ತಿರುವು, ಇಪ್ಪತ್ತಮೂರು ಚೀಲ. ನಾನೂ ಎಂಟು ಚೀಲ ಹೊತ್ತೆ. ಒಂದು ವಾರ ನಮ್ಮಿಬ್ಬರಿಗೂ ಸೊಂಟ ಹಿಡಿದುಕೊಂಡಿತ್ತು, ಆದರೂ ನಗುತ್ತಿದ್ದೆವು. ಎಂಟನೆಯ ದಿನ ಅಧ್ಯಕ್ಷರು ಕಚೇರಿಗೆ ಬಂದು ಕೂಗಾಡಿದರು. ಯಾವನೋ ಕಿಡಿಗೇಡಿ ಹೊಸ ದಾರಿಯ ಮೇಲೆಲ್ಲ ಗುಂಡುಕಲ್ಲು ಸುರಿದಿದ್ದಾನೆ, ಕೂಲಿ ಹೆಂಗಸಿನ ಕೈಗಾಡಿ ಮಗುಚಿ ಬಿತ್ತು, ಹಿಡಿದರೆ ಚರ್ಮ ಸುಲಿಯುತ್ತೇನೆ ಎಂದರು.

'ಜಲ್ಲೀ, ನಿನ್ನ ಬಿಟ್ರೆ ಆ ದಾರಿ ನೋಡ್ಕೊಳೋರು ಯಾರಿದ್ದಾರೆ? ಎಲ್ಲಾ ಗುಡಿಸಿ ಹಾಕು. ಹಾಗೇ ಯಾರು ಮಾಡಿದ್ದು ಅಂತಾನೂ ಪತ್ತೆ ಹಚ್ಚು.'

ಕಳ್ಳನ ಕೈಗೇ ಕೀಲಿಕೈ ಕೊಟ್ಟ ಹಾಗಾಯಿತು, ಆದರೆ ಈ ಕಳ್ಳ ಕದಿಯುವ ಹಾಗಿರಲಿಲ್ಲ. ಅಣ್ಣ ಪೊರಕೆ, ಸಲಿಕೆ ತೆಗೆದುಕೊಂಡು ಹೋಗಿ ಇಪ್ಪತ್ತಮೂರನ್ನೂ ಗುಡಿಸಿದ. ಕೆಲವು ಕಡೆ ಪಟ್ಟಿ ಎಲ್ಲಿದೆ ಎಂದು ಕಾಣದೆ ನನ್ನನ್ನೇ ಕೇಳಿದ. ನಾನು ತೋರಿಸಿದೆ, ಅವನು ಗುಡಿಸಿದ.

ಆಮೇಲೆ ನಾವು ಜಾಗ ಬದಲಾಯಿಸಿದೆವು. ಮುಂದೆ ನಾನು, ಕೊನೆಯಲ್ಲಿ ಅವನು. ಬಂದವರಿಗೆ, 'ತಂಗಿಗೂ ಕೆಲಸ ಕಲಿಸ್ಬೇಕಲ್ಲ' ಎಂದು ಹೇಳಿಕೊಂಡ. ಅವನ ಮುಂದೆ ಯಾವಾಗಲೂ ಒಂದು ಬೆನ್ನು ಇರಬೇಕು, ಆ ಬೆನ್ನು ಅವನ ಕೊಳವೆಯೊಳಗೆ ಸಿಕ್ಕಿದರೆ ಸಾಕು, ತಿರುಗಿದ ಕಡೆ ತಿರುಗುತ್ತಾನೆ. ಅಷ್ಟು ವರ್ಷ ಮುಂದಿದ್ದವನು ಹೀಗೆ ಯಾರದೋ ಬೆನ್ನು ಹಿಡಿದುಕೊಂಡು ಬರುವುದನ್ನು ನಾನು ತಿರುವಿಗೊಮ್ಮೆ ಹಿಂದಿರುಗಿ ನೋಡುತ್ತಿದ್ದೆ. ಅವನಿಗೆ ಅವಮಾನವಾಗುತ್ತಿತ್ತು. ಇಬ್ಬರೂ ಹೇಳಿಕೊಳ್ಳುತ್ತಿರಲಿಲ್ಲ.

ಎರಡು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಒಂಬತ್ತು ಜನರ ಗುಂಪು ಬಂತು. ಅವರಲ್ಲಿ ಒಬ್ಬರು ಗಣಿತ ಕಲಿಸುವ ಮೇಡಂ, ಮೈಗೆ ಹಳದಿ ಕೋಟು, ಬಾಯಿಗೆ ಬಿಡುವಿಲ್ಲ. ನಾಲ್ಕನೆಯ ತೋಟದಲ್ಲಿ ವೈನ್ ರುಚಿ ತೋರಿಸುವುದು ವಾಡಿಕೆ. ದಾರಿ ತೋರಿಸುವವರು ಲೋಟವನ್ನು ಬೆಳಕಿಗೆ ಹಿಡಿದು ಬಣ್ಣ ತೋರಿಸಬೇಕೇ ಹೊರತು ಕುಡಿಯುವಂತಿಲ್ಲ. ಅಣ್ಣನಂತೂ ಎಂದೂ ಕುಡಿದವನಲ್ಲ, ಅವನಿಗೆ ವೈನ್ ವಾಸನೆಗೇ ತಲೆನೋವು. ಮೇಡಂ ಎರಡು ಬಾಟಲಿ ಕೊಂಡು, 'ನನ್ನ ಕೈಲಿ ಒಡೆದುಹೋಗುತ್ತೆ, ನೀವೇ ಇಟ್ಕೊಳಿ' ಎಂದು ಅಣ್ಣನ ಬೆನ್ನಚೀಲದಲ್ಲಿ ಇಟ್ಟರು.

ಅಲ್ಲಿಂದ ಹೊರಟು ನಾನು ಇಳಿಜಾರಿನ ತಿರುವು ದಾಟಿದೆ. ಹಿಂದೆ ಎಂಟು ಜನ ದಾಟಿದರು. ಮೇಡಂ ತಿರುವಿನಲ್ಲಿ ಸೈಕಲ್ ನಿಲ್ಲಿಸಿ, ಗುಡ್ಡದ ಫೋಟೋ ತೆಗೆಯುತ್ತಾ ದಾರಿಯ ಅಂಚಿಗೆ ಸರಿದಿದ್ದರು. ಅಣ್ಣನ ಕೊಳವೆಯಿಂದ ಅವರ ಬೆನ್ನು ಜಾರಿತು. ಮೊದಲಾಗಿದ್ದರೆ ಟಣಟಣ ನಿಂತ ಕೂಡಲೇ ಕೈ ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಈಗ ದಾರಿ ಚಿರಿಚಿರಿ ಎನ್ನುತ್ತಲೇ ಇತ್ತು. ನನಗೆ ಕೇಳಿದ್ದು ಗಾಜು ಒಡೆದ ಸದ್ದು, ಆಮೇಲೆ ಮೇಡಂ ಕಿರುಚಿದ್ದು.

ಅವರ ಹೆಗಲ ಮೂಳೆ ಮುರಿದಿತ್ತು. ಅಣ್ಣನಿಗೆ ಒಂದು ಗೀರೂ ಇರಲಿಲ್ಲ, ಹಾಳಾದವನಿಗೆ. ಬೆನ್ನಿನಿಂದ ಹಿಮ್ಮಡಿಯವರೆಗೆ ವೈನು ಸುರಿಯುತ್ತಿತ್ತು. ಮೇಡಂ ನೋವಿನಲ್ಲೂ ಅವನನ್ನು ಬಿಡಲಿಲ್ಲ.

'ಹಳದಿ ಕೋಟ್ ಹಾಕ್ಕೊಂಡು ಆನೆ ಥರ ನಿಂತಿದ್ದೀನಲ್ರೀ, ಕಾಣ್ಲಿಲ್ವಾ ನಿಮಗೆ?'

ನಾನು ಫೋನು ಮಾಡಿದೆ, ಅಧ್ಯಕ್ಷರು ಟ್ರ್ಯಾಕ್ಟರ್ ತೆಗೆದುಕೊಂಡೇ ಬಂದರು. ಮೇಡಂ ಅವರನ್ನು ಹಿಂದಿನ ತೊಟ್ಟಿಯಲ್ಲಿ ಮೆತ್ತಗೆ ಕೂರಿಸಿ, ಅಣ್ಣನ ಹತ್ತಿರ ಬಂದು, ಮೂಗರಳಿಸಿ ನಿಂತರು.

'ಲೋ, ನಿಜ ಹೇಳು. ಕುಡಿದಿದ್ದೀಯಾ?'

ಬಾಟಲಿ ಒಡೆದದ್ದು, ಮೇಡಂ ಕೊಟ್ಟ ಬಾಟಲಿ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ.

'ಹೂಂ' ಎಂದ ಅಣ್ಣ. 'ಕುಡಿದಿದ್ದೆ.'

  ಅಣ್ಣ ನನ್ನ ಕಡೆಗೆ ಮುಖ ತಿರುಗಿಸಿದ. ನಾನು ನಿಂತಿದ್ದ ಜಾಗಕ್ಕಿಂತ ಸ್ವಲ್ಪ ಆಚೆಗೆ ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದ. ನಾನು ಬಾಯಿ ಮುಚ್ಚಿದೆ. ಅಣ್ಣನ ಮೇಲೆ ಆಗ ನನಗೆ ಬಂದಷ್ಟು ಕೋಪ ನನ್ನನ್ನು ಬಿಟ್ಟ ಗಂಡನ ಮೇಲೂ ಬಂದಿರಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂಗಾಡಿದೆ. ಅವನು ಒದ್ದೆ ಅಂಗಿ ಬಿಚ್ಚುತ್ತಾ ಕೇಳಿಸಿಕೊಂಡ.

'ನಮ್ಮ ಸಂಘದಲ್ಲಿ ಕುಡಿದು ಸಿಕ್ಕಿಬಿದ್ದೋರಿಗೆ ಏನು ಶಿಕ್ಷೆ?' ಎಂದು ಕೇಳಿದ.

'ಒಂದು ವರ್ಷ ಹೊರಗಿಡ್ತಾರೆ.'

'ಆಮೇಲೆ?'

'ಆಮೇಲೆ ವಾಪಸ್ ಕರೀತಾರೆ.' ವೈನ್ ಮಾಡುವ ಊರು, ಹಾಗೆ ಹೊರಗೆ ಹೋಗಿ ಒಳಗೆ ಬಂದವರು ಒಬ್ಬಿಬ್ಬರಲ್ಲ.

'ನೋಡು ಮತ್ತೆ. ಕುಡುಕನಿಗೆ ಮುಂದಿನ ವರ್ಷ ಅಂತ ಒಂದಿದೆ ಕಣೇ. ಕುರುಡನಿಗೆ ಯಾವ ವರ್ಷ?'

ನಾನು ಒಳಗೆ ಹೋಗಿ ಆ ಅಂಗಿಯನ್ನು ನೆನೆಹಾಕಿದೆ. ಕಲೆ ಹೋಗಲಿಲ್ಲ.

ಊರು ಅವನ ಸುಳ್ಳನ್ನು ಎರಡೂ ಕೈಯಲ್ಲಿ ಬಾಚಿಕೊಂಡಿತು. ಮೂವತ್ತು ವರ್ಷದ ಒಳ್ಳೆಯತನಕ್ಕಿಂತ ಒಂದು ದಿನದ ಕುಡಿತ ಜನರ ಬಾಯಿಗೆ ಹೆಚ್ಚು ರುಚಿ. ಅದುವರೆಗೆ ಅವನನ್ನು ದೂರದಿಂದ ಗೌರವಿಸುತ್ತಿದ್ದ ಊರಿನ ಹಳೆಯ ಕುಡುಕರು ಬೀದಿಯಲ್ಲಿ ನಿಲ್ಲಿಸಿ, 'ಕೊನೆಗೂ ನಮ್ಮೋನಾದೆ' ಎಂದು ಹೆಗಲ ಮೇಲೆ ಕೈ ಹಾಕಿದರು. ಮೇಡಂ ಒಳ್ಳೆಯವರು. ಮೂಳೆ ಕೂಡಿದ ಮೇಲೆ 'ಕುಡಿತ ಬಿಡಲು ಹದಿನಾಲ್ಕು ದಾರಿಗಳು' ಎನ್ನುವ ಪುಸ್ತಿಕೆಯನ್ನು ಅಂಚೆಯಲ್ಲಿ ಕಳಿಸಿದರು. ನಾನು ಓದಿ ಹೇಳಿದೆ. ಏಳನೆಯ ದಾರಿ 'ದಿನವೂ ಸೈಕಲ್ ಸವಾರಿ ಮಾಡಿ' ಎಂದಿತ್ತು. ಅಣ್ಣ ಬಿದ್ದು ಬಿದ್ದು ನಕ್ಕ. ನಗು ಯಾವಾಗ ನಿಂತಿತು ಎಂದು ನನಗೆ ತಿಳಿಯಲಿಲ್ಲ. ತಲೆ ಎತ್ತಿ ನೋಡಿದರೆ ಅಳುತ್ತಿದ್ದ.

ಆ ವರ್ಷದಲ್ಲಿ ಕೊಳವೆ ಮುಚ್ಚಿಕೊಂಡಿತು. ಡಾಕ್ಟರಮ್ಮ ಹೇಳಿದ್ದಕ್ಕಿಂತ ಬೇಗನೆ ಮುಚ್ಚಿತು. ಮೊದಲು ನನ್ನ ಮುಖ ಪೂರ್ತಿ ಕಾಣುತ್ತಿತ್ತು, ಆಮೇಲೆ ಮೂಗು ಬಾಯಿ, ಆಮೇಲೆ ಒಂದು ಕಣ್ಣು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಕಿಟಕಿ ಎಲ್ಲಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಬೀದಿಯಲ್ಲಿ ಗೋಡೆ ಹಿಡಿದು ನಡೆದ. ಮೆಟ್ಟಿಲಿನಲ್ಲಿ ಎಡವಿದ. ಎದುರಿಗೆ ಬಂದು ನಕ್ಕವರನ್ನು ನೋಡದೆ ಮುಂದೆ ಹೋದ. ಯಾರಿಗೂ ಅನುಮಾನ ಬರಲಿಲ್ಲ. ಗೋಡೆ ಹಿಡಿದು ನಡೆಯುವವನಿಗೆ ಊರು ಒಂದು ಹೆಸರನ್ನು ಆಗಲೇ ಇಟ್ಟುಬಿಟ್ಟಿತ್ತು, ಇನ್ನೊಂದನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. 'ಬೆಳ್ಬೆಳಿಗ್ಗೇನೇ ಶುರು ಹಚ್ಕೊಂಡಿದ್ದಾನೆ' ಎಂದು ಪಕ್ಕದ ಮನೆಯಾಕೆ ನನ್ನ ಎದುರಿಗೇ ಹೇಳಿ ನಿಟ್ಟುಸಿರು ಬಿಟ್ಟರು. ನಾನೂ ಬಿಟ್ಟೆ.

ವರ್ಷ ತುಂಬಿ ಮೂರು ದಿನವಾಗಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಅಧ್ಯಕ್ಷರು ಮನೆಗೆ ಬಂದರು. ಅಣ್ಣ ಹಜಾರದ ಕುರ್ಚಿಯಲ್ಲಿದ್ದ. ನಾನು ಬಾಗಿಲು ತೆರೆದು, 'ಅಣ್ಣಾ, ಅಧ್ಯಕ್ಷರು ಬಂದಿದ್ದಾರೆ' ಎಂದು ಜೋರಾಗಿ ಹೇಳಿದೆ. ಅವನು ದನಿ ಬರುವ ಕಡೆಗೆ ಮುಖ ಮಾಡಿ ನಮಸ್ಕಾರ ಎಂದ.

ಅಧ್ಯಕ್ಷರು ಚಪ್ಪಲಿ ಬಿಡಲಿಲ್ಲ, ಕೂರಲೂ ಇಲ್ಲ. ಹೇಳಬೇಕೆಂದುಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದರು.

'ವರ್ಷ ಆಯ್ತಪ್ಪಾ. ನೀನಿಲ್ದೆ ದಾರಿ ಬಿಕೋ ಅಂತಿದೆ. ಈಗಿರೋನು ಫೋನ್ ನೋಡ್ಕೊಂಡು ದಾರಿ ತೋರಿಸ್ತಾನೆ, ಬಂದೋರಿಗೆ ಒಂದು ಮಾತು ಆಡಲ್ಲ. ಆಗಿದ್ದು ಆಗೋಯ್ತು. ನಾಳೆಯಿಂದ ಬಾ. ಏನೋ ಒಂದಿನ ಕುಡಿದೆ, ಎಲ್ಲರೂ ಕುಡೀತಾರೆ. ಕೊಡು ಕೈ.'

ಅವರು ಬಲಗೈ ಮುಂದೆ ಚಾಚಿದರು. ಬಳ್ಳಿ ಸವರಿ ಸವರಿ ಹೆಬ್ಬೆರಳು ಸೊಟ್ಟಗಾದ ಕೈ. ಅಣ್ಣನ ಎರಡು ಕೈಗಳೂ ಮಂಡಿಯ ಮೇಲಿದ್ದವು, ಅಲ್ಲಾಡಲಿಲ್ಲ. ಹೇಳು, ಈಗಲಾದರೂ ಹೇಳು, ನಿನ್ನ ಜೊತೆ ಒಂದೇ ಬುತ್ತಿಯಲ್ಲಿ ತಿಂದವನು ಇವನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಈ ಒಂದು ಮಾತಿಗಾಗಿಯೇ ಅವನು ವರ್ಷಪೂರ್ತಿ ಕಾದಿದ್ದ. ಕರೆ ಬಂದಿತ್ತು, ಹೋಗುವುದಕ್ಕೆ ಕಣ್ಣೇ ಉಳಿದಿರಲಿಲ್ಲ.

'ಆಗಲ್ಲ ಅಧ್ಯಕ್ಷರೇ' ಎಂದ ಅಣ್ಣ. 'ನಾನು ಇನ್ನೂ ಬಿಟ್ಟಿಲ್ಲ.'

'ಏನು ಬಿಟ್ಟಿಲ್ಲ?'

'ಕುಡಿಯೋದು. ಈಗಲೂ ಕುಡಿದೇ ಕೂತಿದ್ದೀನಿ.'

ಅಧ್ಯ‌ಕ್ಷರ ಮುಖ ಕೆಂಪಾಯಿತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ಕಡೆ ತಿರುಗಿದರು. 'ಮನೇಲಿ ಬಾಟಲಿ ಯಾಕಮ್ಮಾ ಇಡ್ತೀಯಾ? ಇವನನ್ನ ಹಾಳು ಮಾಡ್ತಿರೋಳು ನೀನೇ' ಎಂದರು. ದಡದಡನೆ ಬಾಗಿಲಿಗೆ ಹೋಗಿ ತೆರೆದರು. ಬೀದಿಯ ಸದ್ದೆಲ್ಲ ಒಳಗೆ ನುಗ್ಗಿತು. ಅದೇನೋ ಇನ್ನೊಂದು ಮಾತು ಹೇಳಿಬಿಡೋಣವೆಂದು ಹೊಸ್ತಿಲಿನಿಂದಲೇ ಮತ್ತೆ ತಿರುಗಿ, ಎರಡು ಹೆಜ್ಜೆ ಒಳಗೆ ಬಂದು, ಅಣ್ಣನ ನೇರ ಎದುರಿಗೆ ನಿಂತರು.

ಅಣ್ಣ ಅವರ ಮುಖವನ್ನೇ ನೋಡುತ್ತಾ ಕೇಳಿದ.

'ಹೋದ್ನಾ?'

ಅಧ್ಯಕ್ಷರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಅವರು ಅಣ್ಣನನ್ನು ನೋಡಿದರು, ಅವನ ಮಂಡಿಯ ಮೇಲಿದ್ದ ಕೈಗಳನ್ನು ನೋಡಿದರು, ತಮ್ಮ ಕೈಯನ್ನು ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಆ ಭಾರಿ ಆಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಹಿಂದಕ್ಕೆ ನಡೆದು ಹೊಸ್ತಿಲು ದಾಟಿದರು. ಬೀದಿಗೆ ಇಳಿದ ಮೇಲೂ ಚಪ್ಪಲಿ ಹಾಕಿಕೊಳ್ಳಲಿಲ್ಲ.

'ಹೋದ್ರು ಅಣ್ಣಾ' ಎಂದೆ.

ಅವನು ಕುರ್ಚಿಗೆ ಒರಗಿ ಉಸಿರು ಬಿಟ್ಟ.

'ನಂಬಿದ್ನಾ?'

'ನಂಬಿದ್ರು' ಎಂದೆ.